ಕುಡಿ ಚಿವುಟುವ ಮುನ್ನ

ಹನುಮಂತನಗರದ ನಮ್ಮ ಮನೆಗೆ ಹಿತ್ತಿಲೆಂಬುದು ಇಲ್ಲ, ಇರುವುದು ತಾರಸಿಯೊಂದೇ. ಕಳೆದ ಕಾರ್ತಿಕದಲ್ಲಿ ನನ್ನ ತಾಯಿಯವರು ಅಲ್ಲಿ ಎಂಟು ಕುಂಡಗಳಲ್ಲಿ ಟೊಮೇಟೊ ಸಸಿಗಳನ್ನು ನೆಟ್ಟರು. ನಾಲ್ಕು ಚೆರಿ ಜಾತಿಯವು, ನಾಲ್ಕು ರೋಮಾ. ಶಿವರಾತ್ರಿಯ ಹೊತ್ತಿಗೆ ಮನೆಯ ಸಾರಿಗೆ ಪೇಟೆಯ ಹಣ್ಣು ಬೇಡವಾಗಬೇಕೆಂಬುದು ಅವರ ಸಂಕಲ್ಪ.

ಅವರು ಊರಿಗೆ ಹೋಗಿದ್ದ ಒಂದು ಭಾನುವಾರ ನಾನು ಕತ್ತರಿ ಹಿಡಿದೆ. ಎಲೆಯ ಕಂಕುಳಲ್ಲಿ ಮೂಡುವ ಚಿಗುರುಗಳನ್ನು ತೆಗೆದರೆ ಹಣ್ಣು ದಪ್ಪವಾಗುವುದೆಂದು ಎಲ್ಲಿಯೋ ಓದಿದ್ದೆ. ಓದಿದ್ದನ್ನು ಯಾರ ಮೇಲಾದರೂ ಪ್ರಯೋಗಿಸದೆ ಬಿಡುವುದು ಅಧ್ಯಾಪಕನ ಜಾಯಮಾನವಲ್ಲ. ಎಂಟು ಗಿಡಗಳಿಗೂ ಸಮಾನ ನ್ಯಾಯ ದೊರೆಯಿತು.

ತಿಂಗಳು ಕಳೆಯುವಷ್ಟರಲ್ಲಿ ಚೆರಿ ಗಿಡಗಳು ಊರುಗೋಲನ್ನು ಹಿಡಿದು ಆಳೆತ್ತರ ಏರಿದವು. ರೋಮಾ ಗಿಡಗಳಾದರೋ ಒಂದೆರಡು ಗೊಂಚಲು ಬಿಟ್ಟು ನಿಂತೇಹೋದವು. ತಾಯಿಯವರು ಬಯ್ಯಲಿಲ್ಲ. ಬೋಳು ಕಾಂಡವನ್ನು ಬೆರಳಿನಿಂದ ಸವರಿ, "ಹೂ ಬಿಡಬೇಕಾದ ರೆಂಬೆಯನ್ನೇ ಕತ್ತರಿಸಿದೆಯಲ್ಲೋ" ಎಂದರು. ಬಯ್ದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು.

ಟೊಮೇಟೊ ಗಿಡಗಳಲ್ಲಿ ಸ್ಥೂಲವಾಗಿ ಎರಡು ಸ್ವಭಾವ. ಮೊದಲನೆಯದು ಬಳ್ಳಿಯಂತೆ ಏರುತ್ತಲೇ ಹೋಗುವಂಥದು. ಚೆರಿ ಜಾತಿಯಲ್ಲಿ ಬಹುಪಾಲು ಇಂಥವೇ. ಇವುಗಳ ಕಂಕುಳ ಚಿಗುರು ಎರಡು ಅಂಗುಲ ಮೀರುವ ಮೊದಲೇ ಚಿವುಟಿ, ಒಂದೆರಡು ಕಾಂಡಗಳನ್ನಷ್ಟೇ ಕೋಲಿಗೆ ಕಟ್ಟಿದರೆ ಗಾಳಿ ಬೆಳಕು ಚೆನ್ನಾಗಿ ಆಡುತ್ತದೆ. ಎರಡನೆಯದು ಪೊದೆಯ ಸ್ವಭಾವದ್ದು. ರೋಮಾ ಈ ವರ್ಗದ್ದು. ಇಲ್ಲಿ ರೆಂಬೆಯ ತುದಿಯೇ ಹೂಗೊಂಚಲಾಗಿ ಬೆಳವಣಿಗೆ ಮುಗಿಯುತ್ತದೆ. ಆದುದರಿಂದ ಪಕ್ಕದ ರೆಂಬೆಗಳನ್ನು ಕತ್ತರಿಸಿದರೆ ಫಸಲನ್ನೇ ಕತ್ತರಿಸಿದಂತೆ. 1967ರಲ್ಲಿ ಹೆಸರಘಟ್ಟದಲ್ಲಿ ಸ್ಥಾಪನೆಗೊಂಡ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ತಳಿ ಇವೆರಡರ ನಡುವಿನದು. ಅದರಲ್ಲಿ ಮೊದಲ ಹೂಗೊಂಚಲಿನ ಕೆಳಗಿನ ಚಿಗುರುಗಳನ್ನು ತೆಗೆದರೆ ಸಾಕು. ಸಸಿ ಕೊಳ್ಳುವಾಗಲೇ ಅದರ ಜಾತಿಯನ್ನು ಕೇಳಿ ತಿಳಿಯುವುದು ಜಾಣತನ.

ಯಾವ ಗಿಡವಾದರೂ ಸರಿಯೆ, ಮಣ್ಣಿಗೆ ತಾಗುವ ಕೆಳಗಿನ ಎಲೆಗಳನ್ನು ತೆಗೆಯುವುದು ಲೇಸು. ನೀರು ಚಿಮ್ಮಿದಾಗ ಮಣ್ಣಿನೊಡನೆ ರೋಗವೂ ಎಲೆಗೆ ಹತ್ತುತ್ತದೆ. ಅತಿಯಾಗಿ ಎಲೆ ಕಿತ್ತರೆ ಕಾಯಿಗೆ ಬಿಸಿಲು ಬಡಿದು ಬಿಳಿಚಿಕೊಳ್ಳುತ್ತದೆ. ಇಬ್ಬನಿ ಆರಿದ ಮೇಲೆಯೇ ಚಿವುಟಬೇಕು. ನಶ್ಯವನ್ನೋ ಬೀಡಿಯನ್ನೋ ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯದೆ ಗಿಡದ ಹತ್ತಿರ ಸುಳಿಯಬಾರದು. ಹೊಗೆಸೊಪ್ಪೂ ಟೊಮೇಟೊವೂ ಬದನೆಯ ಕುಲದವೇ. ಒಂದರ ಮೊಸಾಯಿಕ್ ನಂಜು ಕೈಯ ಮೂಲಕ ಇನ್ನೊಂದಕ್ಕೆ ಅಂಟಬಲ್ಲುದು.

ಚಿವುಟಿದ್ದೆಲ್ಲ ವ್ಯರ್ಥವೆಂದು ಭಾವಿಸಬೇಕಾಗಿಲ್ಲ. ಗೇಣುದ್ದದ ಚಿಗುರನ್ನು ನೀರಿನ ಲೋಟದಲ್ಲಿಟ್ಟರೆ ಒಂದೆರಡು ವಾರಗಳಲ್ಲಿ ಬೇರೊಡೆಯುತ್ತದೆ. ತಾಯಿಯವರು ಚೆರಿಯ ನಾಲ್ಕು ಚಿಗುರುಗಳನ್ನು ಹೀಗೆ ಬೇರೊಡೆಯಿಸಿ, ಬರಿದಾದ ರೋಮಾ ಕುಂಡಗಳಲ್ಲಿ ನೆಟ್ಟರು. ಶಿವರಾತ್ರಿಗೆ ನೆರವೇರದ ಸಂಕಲ್ಪ ಯುಗಾದಿಗೆ ನೆರವೇರಿತು.

ಕತ್ತರಿ ಈಗ ಅವರ ಬೀರುವಿನಲ್ಲಿದೆ. ಬೇಕಾದಾಗ ಕಾರಣ ಹೇಳಿ ಪಡೆಯುತ್ತೇನೆ.