ಲೀಸ್‌ಗೆ ಮನೆ ಹಿಡಿಯುವ ಮುನ್ನ

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆಗಿಂತ ಲೀಸ್ ಲಾಭ ಅನ್ನುತ್ತಾರೆ. ಎರಡರ ಕರಾರಿಗೂ ಏನು ವ್ಯತ್ಯಾಸ? ಬಾಡಿಗೆ ಕರಾರು 11 ತಿಂಗಳಿಗೇ ಯಾಕೆ?

ಉತ್ತರ: 11 ತಿಂಗಳ ಗುಟ್ಟು ಸರಳ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಒಂದು ತಿಂಗಳು ಕಡಿಮೆ ಬರೆಸುತ್ತಾರೆ, ಅಷ್ಟೇ.

ನೀವು ಕೇಳಿದ ಲೀಸ್ ನಮ್ಮ ಹಳೆಯ ಭೋಗ್ಯ. ಎರಡು ಮೂರು ವರ್ಷಕ್ಕೆಂದು ಲಕ್ಷಗಟ್ಟಲೆ ಇಡುಗಂಟು ಕೊಡುತ್ತೀರಿ, ತಿಂಗಳ ಬಾಡಿಗೆ ಇಲ್ಲ. ಖಾಲಿ ಮಾಡುವಾಗ ಅಸಲು ವಾಪಸ್. ಬಡ್ಡಿಯೇ ಬಾಡಿಗೆಗೆ ವಜಾ. ಲೆಕ್ಕ ಚೆನ್ನಾಗಿದೆ, ಮಾಲೀಕರ ಕೈಯಲ್ಲಿ ದುಡ್ಡಿರುವವರೆಗೆ! ಆ ಗಂಟನ್ನು ಅವರು ಹಳೇ ಸಾಲಕ್ಕೋ ಮಗಳ ಮದುವೆಗೋ ಸುರಿದಿದ್ದರೆ, ಮುಂದಿನ ಭೋಗ್ಯದಾರ ಸಿಗುವ ತನಕ ನೀವು ಕಾಯಬೇಕು.

ಇನ್ನೂ ದೊಡ್ಡ ಅಪಾಯ ಮನೆಯ ಮೇಲಿನ ಬ್ಯಾಂಕ್ ಸಾಲ. ಕಂತು ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆಯನ್ನು ವಶಕ್ಕೆ ಪಡೆಯಬಹುದು. ಆಗ ಛಾಪಾ ಕಾಗದದ ಮೇಲಿನ ನೋಂದಣಿಯಾಗದ ಕರಾರು ನಿಮ್ಮನ್ನು ಕಾಪಾಡುವುದು ಕಷ್ಟ. ಮಾಲೀಕರಿಗೆ ತಿಂಗಳ ಬಾಡಿಗೆ, ನಿಮ್ಮಿಂದ ಇಡುಗಂಟು ಎಂಬ ದಲ್ಲಾಳಿಗಳ ಆಟವೂ ಇದೆ. ಬಾಡಿಗೆ ನಿಂತ ದಿನ ಮಾಲೀಕರು ಬಾಗಿಲಿಗೆ ಬರುತ್ತಾರೆ.

ಆದ್ದರಿಂದ ಋಣಭಾರ ಪತ್ರ ತೆಗೆಸಿ, ಮಾಲೀಕರೇ ಸಹಿ ಹಾಕಲಿ, ಹಣ ಅವರ ಖಾತೆಗೇ ಹೋಗಲಿ, ಕರಾರು ನೋಂದಣಿಯಾಗಲಿ. ಇದಕ್ಕೆ ಒಪ್ಪದ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.