ತಂಬೂರಿಗೆ ತಂತಿ, ತಂತಿಗೆ ಜೀವ

ಹೊಸ ತಂತಿ ಹಾಕಿದ ತಂಬೂರಿಯನ್ನು ಮೊದಲ ಸಲ ಮೀಟಿದಾಗ ಅದು ಮೊಂಡಾಗಿ ನುಡಿಯುತ್ತದೆ. ತಂತಿ ಬಿಗಿಯಾಗಿದೆ, ಷಡ್ಜಕ್ಕೆ ಸರಿಯಾಗಿ ಕೂಡಿದೆ, ಆದರೂ ನಾದ ಹುಟ್ಟಿದಲ್ಲೇ ಸತ್ತುಹೋಗುತ್ತದೆ. ಆಗ ಕುಶಲಕರ್ಮಿ ಬೆರಳುದ್ದದ ಹತ್ತಿ ನೂಲೊಂದನ್ನು ತಂತಿಗಳನ್ನು ಹೊತ್ತ ಸೇತುವೆಯ, ಅಂದರೆ ಕುದುರೆಯ ಮೇಲೆ, ತಂತಿಯ ಅಡಿಗೆ ತೂರಿಸುತ್ತಾರೆ. ಒಂದು ಕೈ ತಂತಿ ಮೀಟುತ್ತಿದ್ದಂತೆ ಇನ್ನೊಂದು ಕೈ ಆ ನೂಲನ್ನು ತುಸು ಹಿಂದೆ, ತುಸು ಮುಂದೆ ಸರಿಸುತ್ತದೆ. ಒಂದು ಜಾಗಕ್ಕೆ ಬಂದ ಕೂಡಲೇ ದನಿ ಬಿಚ್ಚಿಕೊಳ್ಳುತ್ತದೆ. ಒಂದೇ ತಂತಿಯಿಂದ ನಾಲ್ಕಾರು ಸ್ವರಗಳು ಒಟ್ಟಿಗೆ ಎದ್ದು ಜೇನುಗೂಡಿನ ಹಾಗೆ ಝೇಂಕರಿಸುತ್ತವೆ. ಈ ನೂಲಿಗೆ ಸಂಗೀತಗಾರರು ‘ಜೀವ’ ಎನ್ನುತ್ತಾರೆ. ನಾನು ಮಿರಜಕ್ಕೆ ಹೋಗಿದ್ದು ಮುಖ್ಯವಾಗಿ ಈ ನೂಲಿನ ಕೆಲಸ ನೋಡಲಿಕ್ಕೆ.

ಮಿರಜ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ ನಿಜ. ಆದರೆ ಗಡಿಯ ಈಚೆ, ಕರ್ನಾಟಕದ ಕಾಗವಾಡದವರಿಗೆ ಅದು ಮ್ಹೈಸಾಳ ದಾಟಿದರೆ ಸಿಗುವ ಪೇಟೆ. ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳದ ಜನ ಬೆಳಗಾವಿ–ಮಿರಜ ರೈಲು ಹತ್ತಿದರೆ ನೇರ ಅಲ್ಲಿಗೇ ಹೋಗಿ ಇಳಿಯುತ್ತಾರೆ. ಅಥಣಿಯವರು ಆಸ್ಪತ್ರೆಗೆ ಹೋಗುವುದೂ ಅಲ್ಲಿಗೆ, ಮದುವೆ ಸಂತೆಗೆ ಹೋಗುವುದೂ ಅಲ್ಲಿಗೆ. ಚಿಕ್ಕೋಡಿ, ನಿಪ್ಪಾಣಿ ಕಡೆಯವರಿಗೆ ಕೊಲ್ಹಾಪುರವೂ ಹತ್ತಿರವೇ, ಆದರೂ ತಂಬೂರಿ ಕೆಟ್ಟರೆ ನೆನಪಾಗುವ ಊರು ಮಿರಜವೇ.

ಕಾಗವಾಡ, ರಾಯಬಾಗ, ಅಥಣಿ, ಚಿಕ್ಕೋಡಿ, ನಿಪ್ಪಾಣಿ, ಈ ಐದು ತಾಲ್ಲೂಕುಗಳಲ್ಲಿ ತಂತಿ ವಾದ್ಯಗಳಿಗೆ ಕೊರತೆಯಿಲ್ಲ. ತತ್ವಪದ ಹಾಡುವ ಭಜನಾ ಮೇಳಗಳ ಕೈಯಲ್ಲಿ ಏಕತಾರಿ ಇದೆ. ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ದಿಂಡಿಗಳಲ್ಲಿ ವಾರಕರಿಯ ಹೆಗಲಿಗೆ ವೀಣೆ ತೂಗುತ್ತದೆ. ಹರಿನಾಮ ಸಪ್ತಾಹ ನಡೆದರೆ ಏಳು ದಿನವೂ ಆ ವೀಣೆಯನ್ನು ನೆಲಕ್ಕಿಡುವಂತಿಲ್ಲ, ಸರದಿಯ ಮೇಲೆ ಒಬ್ಬರಿಂದ ಒಬ್ಬರ ಕೊರಳಿಗೆ ದಾಟಬೇಕು. ಹಿಂದೂಸ್ತಾನಿ ಕಲಿತ ಮನೆಗಳಲ್ಲಿ ತಂಬೂರಿ ಇದೆ. ಹಾರ್ಮೋನಿಯಂನ ದೊಡ್ಡ ಹೆಸರಾದ ಪಂಡಿತ ರಾಮಭಾವು ವಿಜಾಪುರೆ ಹುಟ್ಟಿದ್ದು ಇದೇ ಕಾಗವಾಡದಲ್ಲಿ, 1917ರಲ್ಲಿ. ನಾದದ ರುಚಿ ಕಂಡ ಸೀಮೆ ಇದು.

ಮಿರಜದ ಕಸುಬಿನ ಕಥೆಯನ್ನು ಅಲ್ಲಿನ ಹಿರಿಯರು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಈ ಮನೆತನಗಳು ಮೂಲತಃ ಶಿಕಲಗಾರರು, ಕತ್ತಿ, ಈಟಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಬ್ರಿಟಿಷರ ಕಾಲ ಬಂದು ಆಯುಧಗಳ ಕೆಲಸ ಇಳಿಮುಖವಾದಾಗ, 1850ರ ಆಸುಪಾಸಿನಲ್ಲಿ, ಫರೀದಸಾಹೇಬ ಎಂಬುವರು ಕೆಟ್ಟ ವಾದ್ಯಗಳ ರಿಪೇರಿಗೆ ಕೈಹಾಕಿದರು. ಮಿರಜದ ಪಟವರ್ಧನ ಸಂಸ್ಥಾನಿಕರು ಬೆನ್ನಿಗೆ ನಿಂತರು. ರಿಪೇರಿಯಿಂದ ತಯಾರಿಕೆಗೆ ದಾಟಿದ ಆ ಮನೆತನಕ್ಕೆ ‘ಸತಾರಮೇಕರ್’ ಎಂಬುದೇ ಅಡ್ಡಹೆಸರಾಯಿತು, ಬೀದಿಗೂ ಅದೇ ಹೆಸರು ನಿಂತಿತು. ವಾದ್ಯಕ್ಕೆ ಬೇಕಾದ ಬುರುಡೆ ಪಂಢರಪುರ, ಮಂಗಳವೇಢೆಯ ಭೀಮಾ ತೀರದಿಂದ ಬರುತ್ತದೆ. ಅಲ್ಲಿ ಬೆಳೆಯುವ ದೊಡ್ಡ ಕಹಿ ಬುರುಡೆ ತಿನ್ನಲಿಕ್ಕೆ ಬಾರದು, ನುಡಿಸಲಿಕ್ಕೇ ಬೆಳೆಸುತ್ತಾರೆ. ಅದನ್ನು ತಿಂಗಳುಗಟ್ಟಲೆ ಒಣಗಿಸಿ, ಕೊಯ್ದು, ತುನ್ ಕಟ್ಟಿಗೆಯ ದಂಡಿಗೆ ಕೂಡಿಸುತ್ತಾರೆ. ಕೆತ್ತನೆ, ಅರಗಿನ ಪಾಲಿಶ್ ಆಮೇಲೆ.

ಈ ಬೀದಿಯ ನಾದಕ್ಕೆ ದೊಡ್ಡ ಕೇಳುಗರಾಗಿ ಸಿಕ್ಕವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಅವರು ಬರೋಡಾದ ಆಸ್ಥಾನ ಬಿಟ್ಟು ಬಂದು ನೆಲೆಯಾದದ್ದು ಮಿರಜದಲ್ಲಿ. ಪ್ಲೇಗಿಗೆ ತುತ್ತಾಗಿ ಖ್ವಾಜಾ ಮೀರಾಸಾಹೇಬ ದರ್ಗಾಕ್ಕೆ ಹರಕೆ ಹೊತ್ತು ಗುಣವಾದರೆಂದು ಊರು ನಂಬುತ್ತದೆ. ಅವರ ಶಿಷ್ಯ ಕುಂದಗೋಳದ ರಾಮಭಾವು, ನಮ್ಮ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಧಾರವಾಡದ ಕಿರಾನಾ ಘರಾಣೆಯ ಗಾಯನದ ಬೇರು ಹಿಡಿದು ಹೊರಟರೆ ಮಿರಜಕ್ಕೇ ಮುಟ್ಟುತ್ತೇವೆ. ಗ್ವಾಲಿಯರ್ ಘರಾಣೆಯ ನೀಲಕಂಠಬುವಾ ಆಲೂರಮಠರ ಬಳಿ ಮಲ್ಲಿಕಾರ್ಜುನ ಮನಸೂರರು ಕಲಿತದ್ದೂ ಇದೇ ಊರಿನಲ್ಲಿ.

ಖಾನ್‌ಸಾಹೇಬರಿಗೆ ತಂಬೂರಿ ಸಂಪೂರ್ಣ ಕೂಡದ ಹೊರತು ಬಾಯಿ ತೆರೆಯಲಾಗುತ್ತಿರಲಿಲ್ಲ. ಶ್ರುತಿಯ ಸೂಕ್ಷ್ಮ ಅಂತರಗಳ ಬಗ್ಗೆ ಅವರಿಗಿದ್ದ ಹುಚ್ಚು ಎಂಥದ್ದೆಂದರೆ, ಸಾಂಗಲಿಯ ಕೃ. ಬ. ದೇವಲರು 22 ಶ್ರುತಿಗಳ ಅಧ್ಯಯನ ಕೈಗೊಂಡಾಗ ಅವನ್ನು ಹಾಡಿ ತೋರಿಸಲು ಮುಂದಾದವರು ಅವರೇ. ವಾದ್ಯ ರಿಪೇರಿಯಲ್ಲೂ ಅವರ ಕೈ ಪಳಗಿತ್ತು, ಕುದುರೆಯನ್ನು ಉಜ್ಜಿ ತಂಬೂರಿಯ ಜವಾರಿಯನ್ನು ತಾವೇ ತೆಗೆಯುತ್ತಿದ್ದರು ಎನ್ನುತ್ತಾರೆ. 1937ರ ಅಕ್ಟೋಬರಿನಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಾಗ ರೈಲಿನಲ್ಲೇ ಎದೆ ಹಿಡಿಯಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದು, ತಂಬೂರಿ ಕೂಡಿಸಿಕೊಂಡು ದರಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತಾ ಕಣ್ಣು ಮುಚ್ಚಿದರೆಂಬುದು ಸಂಗೀತಗಾರರ ಬಾಯಲ್ಲಿ ಉಳಿದ ಮಾತು. ದೇಹವನ್ನು ಮಿರಜಕ್ಕೆ ತಂದು ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಇಂದಿಗೂ ಅಲ್ಲಿನ ಉರುಸಿನಲ್ಲಿ ಅವರ ನೆನಪಿಗೆ ರಾತ್ರಿಯಿಡೀ ಹಾಡು ನಡೆಯುತ್ತದೆ.

ಇನ್ನು ತಂತಿಯ ಮಾತು. ಹೊಸಬರು ತಂಬೂರಿ ತಂತಿ ಬದಲಿಸಲು ಹೆದರುತ್ತಾರೆ. ಹೆದರಬೇಕಾದದ್ದು ಬಹಳವಿಲ್ಲ. ಬೀದಿಯಲ್ಲಿ ಎಲ್ಲರಿಗೂ ಮೊದಲು ಹೇಳುವ ಮಾತು ಒಂದೇ: “ನಾಕೂ ತಂತಿ ಒಮ್ಮೆಗೇ ಬಿಚ್ಚಬ್ಯಾಡ್ರಿ, ಒಂದೊಂದಾ ಬದಲಸ್ರಿ.” ನಾಲ್ಕೂ ಸಡಿಲವಾದರೆ ಇಷ್ಟು ವರ್ಷ ಒತ್ತಡಕ್ಕೆ ಒಗ್ಗಿಕೊಂಡ ದಂಡಿ ಮತ್ತು ಬುರುಡೆಯ ಮೇಲಿನ ಹಲಗೆಯಾದ ತಬಲಿಯ ಸಮತೋಲ ಒಮ್ಮೆಲೇ ತಪ್ಪುತ್ತದೆ, ಕುದುರೆ ಸರಿದರೂ ಸರಿಯಬಹುದು. ಹಳೆಯ ತಂತಿಯನ್ನು ಬಿಗಿ ಇದ್ದಾಗಲೇ ಕತ್ತರಿಸಬಾರದು, ಅದು ಚಿಮ್ಮಿ ಕಣ್ಣಿಗೆ ಬಡಿಯುತ್ತದೆ. ಮೊದಲು ಖುಂಟಿ (ತಂತಿ ಬಿಗಿಯುವ ಗೂಟ) ತಿರುವಿ ಸಡಿಲ ಮಾಡಬೇಕು.

ಹೊಸ ತಂತಿಯ ಒಂದು ತುದಿಗೆ ಕುಣಿಕೆ ಹಾಕಿ ಬುರುಡೆಯ ಬುಡದ ಲಂಗೋಟಿ ಎಂಬ ಆಧಾರಕ್ಕೆ ಸಿಕ್ಕಿಸಬೇಕು. ಶ್ರುತಿ ತಿದ್ದುವ ಮಣಿಯಲ್ಲಿ ತೂರಿಸಿ, ಕುದುರೆಯ ಮೇಲಿಂದ ಹಾಯಿಸಿ, ದಂಡಿಯುದ್ದಕ್ಕೂ ಒಯ್ದು, ಮೇಲಿನ ಪಟ್ಟಿ ದಾಟಿಸಿ ಖುಂಟಿಯ ತೂತಿಗೆ ಏರಿಸಬೇಕು. ಸುತ್ತು ಒಂದರ ಮೇಲೊಂದು ಬೀಳದೆ ಒಂದರ ಪಕ್ಕ ಒಂದು ಕೂರಬೇಕು. ಎಲ್ಲರೂ ಸೋಲುವುದು ಖುಂಟಿಯ ಹತ್ತಿರ. ಗಿಟಾರಿನ ಕಿವಿಗೆ ಗೇರು ಇರುತ್ತದೆ, ತಿರುವಿದಲ್ಲೇ ನಿಲ್ಲುತ್ತದೆ. ತಂಬೂರಿಯ ಖುಂಟಿ ಬರೀ ಕಟ್ಟಿಗೆ, ತೂತಿನೊಳಗಿನ ತಿಕ್ಕಾಟವೇ ಅದನ್ನು ಹಿಡಿದಿಡಬೇಕು. ತಿರುವುತ್ತಲೇ ಒಳಗೆ ಒತ್ತಬೇಕು. ಜಾರಿದರೆ ಖುಂಟಿಗೆ ಸೀಮೆಸುಣ್ಣ ತಿಕ್ಕುವುದು ಹಳೆಯ ಉಪಾಯ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಅದೇ ಖುಂಟಿ ಅಲುಗುವುದೇ ಇಲ್ಲ, ಆಗ ಜೋರು ಮಾಡಿದರೆ ತಲೆ ಮುರಿಯುತ್ತದೆ.

ನಡುವಿನ ಜೋಡಿ ತಂತಿಗಳನ್ನು ಮೊದಲು ಷಡ್ಜಕ್ಕೆ ಕೂಡಿಸಿ, ಆಮೇಲೆ ಕೊನೆಯ ದಪ್ಪ ತಂತಿಯಾದ ಖರ್ಜವನ್ನು ಕೆಳಗಿನ ಷಡ್ಜಕ್ಕೆ, ಕೊನೆಗೆ ಮೊದಲ ತಂತಿಯನ್ನು ಪಂಚಮಕ್ಕೆ ತರುವುದು ಹೊಸಬರಿಗೆ ಸುಲಭದ ದಾರಿ. ಜೋಡಿ ತಂತಿ ಉಕ್ಕಿನದು, ಖರ್ಜ ಹಿತ್ತಾಳೆ ಅಥವಾ ಕಂಚಿನದು. ಗೇಜಿನ ಅಂಕಿ ದೊಡ್ಡದಾದಷ್ಟೂ ತಂತಿ ತೆಳ್ಳಗೆ. ಹೊಸ ತಂತಿ ಎರಡು ಮೂರು ದಿನ ಎಳೆದುಕೊಳ್ಳುತ್ತಲೇ ಇರುತ್ತದೆ, ಪದೇ ಪದೇ ಇಳಿಯುತ್ತದೆ. ಕೆಟ್ಟ ಮಾಲು ಕೊಟ್ಟರೆಂದು ಅಂಗಡಿಯವರ ಮೇಲೆ ಸಿಟ್ಟಾಗಬೇಕಿಲ್ಲ. ಚೂರುಪಾರು ವ್ಯತ್ಯಾಸಕ್ಕೆ ಖುಂಟಿ ಮುಟ್ಟದೆ ಮಣಿಯನ್ನು ಕೆಳಗೆ ಸರಿಸಿದರೆ ಶ್ರುತಿ ಏರುತ್ತದೆ, ಕುದುರೆಯ ಕಡೆ ಸರಿಸಿದರೆ ಇಳಿಯುತ್ತದೆ.

ಆಮೇಲೆ ಜೀವದ ನೂಲು. ಕುದುರೆಯ ಮೇಲ್ಮೈ ಅಗಲವಾಗಿ, ಕಂಡೂ ಕಾಣದಷ್ಟು ಇಳಿಜಾರಾಗಿರುತ್ತದೆ. ತಂತಿ ಕಂಪಿಸುವಾಗ ಅದನ್ನು ಸವರುತ್ತಾ ಬಿಡುತ್ತಾ ಹೋಗುತ್ತದೆ. ಆ ಸವರಿಕೆಗೆ ಬೇಕಾದಷ್ಟೇ ಎಡೆಯನ್ನು ನೂಲು ಮಾಡಿಕೊಡುತ್ತದೆ. ಸಿ. ವಿ. ರಾಮನ್ 1921ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದೇ ತಂಬೂರಿ, ವೀಣೆಗಳ ಕುದುರೆಯನ್ನು ಕುರಿತದ್ದು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರ ಕೇಳಬಾರದೆಂದು ಭೌತಶಾಸ್ತ್ರದ ನಿಯಮ ಹೇಳುತ್ತದೋ, ಆ ಉಪಸ್ವರವೂ ತಂಬೂರಿಯಲ್ಲಿ ಗಟ್ಟಿಯಾಗಿ ಕೇಳುತ್ತದೆಂದು ಅವರು ತೋರಿಸಿದರು. ಮಿರಜದ ಕುಶಲಕರ್ಮಿಗಳು ಆ ಪ್ರಬಂಧಕ್ಕೂ ಎಷ್ಟೋ ಮೊದಲು ಬೆರಳಿನಿಂದಲೇ ಅದನ್ನು ಅರಿತಿದ್ದರು.

ನೂಲು ಎಲ್ಲಿಗೆ ಸರಿಸಿದರೂ ದನಿ ಬಿಚ್ಚದಿದ್ದರೆ ಕುದುರೆ ಸವೆದಿದೆ ಎಂದರ್ಥ. ತಂತಿ ತಿಕ್ಕಿ ತಿಕ್ಕಿ ಗೀರು ಬಿದ್ದಿರುತ್ತದೆ. ಅದನ್ನು ಅರದಿಂದ ಉಜ್ಜಿ ಮತ್ತೆ ಇಳಿಜಾರು ತರುವ ಜವಾರಿ ಕೆಲಸಕ್ಕೆ ಮಾತ್ರ ಮನೆಯಲ್ಲಿ ಕೈಹಾಕಬಾರದು. ಅಳತೆಯ ಉಪಕರಣ ಏನೂ ಇಲ್ಲ. ಉಜ್ಜುವುದು, ಮೀಟುವುದು, ಕೇಳುವುದು, ಮತ್ತೆ ಉಜ್ಜುವುದು. ಒಂದು ಸಲ ಹೆಚ್ಚು ಉಜ್ಜಿದರೆ ಕುದುರೆಯೇ ಹಾಳು. ಹಿಂದೆ ದಂತ, ಜಿಂಕೆ ಕೊಂಬಿನ ಕುದುರೆಗಳಿದ್ದವು, ಈಗ ಮೂಳೆ, ಫೈಬರ್. ವಸ್ತು ಬದಲಾದರೂ ಕೆಲಸ ಕಿವಿಯದ್ದೇ.

ಈ ಕಿವಿಗಳು ಕಡಿಮೆಯಾಗುತ್ತಿವೆ. 1979ರಲ್ಲಿ ಬೆಂಗಳೂರಿನ ಜಿ. ರಾಜ್‌ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಒಬ್ಬರೇ ಕೂತು ಸಾಧನೆ ಮಾಡುವವರಿಗೆ ಅದು ದೊಡ್ಡ ಉಪಕಾರ. ಈಗ ಮೊಬೈಲಿನಲ್ಲೇ ತಂಬೂರಿ ನುಡಿಯುತ್ತದೆ. ಆದರೆ ಕಲಿಯುವ ಮಗುವಿಗೆ ತಂತಿ ಕೂಡಿಸುವ ಅಭ್ಯಾಸವೇ ಆಗುತ್ತಿಲ್ಲ. ಶ್ರುತಿ ಕೂಡಿಸದೆ ಶ್ರುತಿ ಕಿವಿಗೆ ಕೂರುವುದು ಕಷ್ಟ ಎಂದು ನನ್ನ ಗಟ್ಟಿ ನಂಬಿಕೆ. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ಹೆಸರಿಗೆ ಕಾವಲು ಸಿಕ್ಕಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಅದೇ ಮಾನ್ಯತೆ ಬಂದಾಗ ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿತ್ತು, ಅಥಣಿಯ ಚಮ್ಮಾರರಿಗೂ ಪಾಲು ದಕ್ಕಿತು. ತಂಬೂರಿ ತಯಾರಿಕೆಯಲ್ಲಿ ನಮಗೆ ಪಾಲಿಲ್ಲ, ನುಡಿಸುವುದರಲ್ಲಿದೆ. ವಾದ್ಯ ನುಡಿಯುತ್ತಿದ್ದರೆ ತಾನೇ ತಂತಿ ಬೇಕಾಗುವುದು, ಜವಾರಿ ಬೇಕಾಗುವುದು, ಆ ಬೀದಿಯ ಒಲೆ ಉರಿಯುವುದು.

ಗಡಿಯ ಈಚೆಯ ಎಷ್ಟೋ ಮನೆ, ಮಠ, ಗುಡಿಗಳಲ್ಲಿ ತಂಬೂರಿಗಳು ಗವಸು ಹೊದ್ದು ಮೂಲೆಯಲ್ಲಿ ನಿಂತಿವೆ, ತಂತಿ ತುಕ್ಕು ಹಿಡಿದಿದೆ. ಅಂಥದೊಂದು ನಿಮ್ಮಲ್ಲಿದ್ದರೆ ಈ ದೀಪಾವಳಿಯೊಳಗೆ ಹೊರತೆಗೆಯಿರಿ. ಮಿರಜಕ್ಕೆ ಹೋಗುವಾಗ ಹಳೆಯ ನಾಲ್ಕೂ ತಂತಿಗಳ ತುಂಡನ್ನು ಬೇರೆಬೇರೆ ಕಾಗದದಲ್ಲಿ ಸುತ್ತಿ ಒಯ್ಯಿರಿ. ಹಾಡುವವರ ಪಟ್ಟಿ, ಅಂದರೆ ಆಧಾರ ಶ್ರುತಿ, ಹಾರ್ಮೋನಿಯಂನ ಕಪ್ಪು ಮನೆಯ ಲೆಕ್ಕದಲ್ಲಿ ಕಾಳಿ ಒಂದೋ ಕಾಳಿ ಐದೋ ತಿಳಿದುಕೊಂಡು ಹೋಗಿ, ತಂತಿಯ ಗೇಜು ಅದರ ಮೇಲೆ ನಿಂತಿದೆ. ಒಂದು ಜೊತೆ ಹೆಚ್ಚಿಗೆ ಕೊಳ್ಳಿ. ನೂಲು ಸರಿಸುವುದನ್ನು ಅಲ್ಲೇ ಕೂತು ನೋಡಿ, ನಿಮ್ಮ ಕೈಯಿಂದ ಒಮ್ಮೆ ಸರಿಸಿ ನೋಡಿ. ಕೇಳಿದರೆ ಅವರು ಬೇಸರವಿಲ್ಲದೆ ಹೇಳಿಕೊಡುತ್ತಾರೆ, ಕನ್ನಡದಲ್ಲಿ ಕೇಳಿದರೂ ನಡೆಯುತ್ತದೆ.