ಪರದೇಶದ ಬಳ್ಳಿ, ನಮ್ಮ ಮಣ್ಣು

ಭಾವಿಕೇರಿಯ ಗದ್ದೆಯ ಬದುವಿನ ಮೇಲೆ ನಿಂತು ದ್ರಾಕ್ಷಿಯ ಮಾತನ್ನೆತ್ತಿದರೆ ವಾಚಕರು ನಕ್ಕಾರು. ವರ್ಷಕ್ಕೆ 3,000 ಮಿಲಿಮೀಟರಿನ ಆಚೀಚೆ ಮಳೆ ಸುರಿಯುವ ಕಡಲತಡಿಯಲ್ಲಿ ದ್ರಾಕ್ಷಿಯ ಬಳ್ಳಿಯು ಬೂಷ್ಟು ಹಿಡಿಯದೆ ಉಳಿಯುವದೆಂತು? ಆ ಬಳ್ಳಿಯನ್ನು ಇಲ್ಲಿ ನೆಡಿರೆಂದು ನಾವು ಹೇಳಹೊರಟಿಲ್ಲ. ಆದರೆ ಘಟ್ಟದ ಮೇಲಿನ ಒಕ್ಕಲಿಗನೊಬ್ಬನು ಒಂದು ಹಣ್ಣನ್ನು ಸಾಕಿದ ಬಗೆಯೂ, ಇಂದು ಆ ಹಣ್ಣಿಗೆ ಒದಗಿದ ಗಂಡಾಂತರವೂ ಅಂಕೋಲೆಯ ಸೀಮೆಯವರು ಅರಿಯತಕ್ಕ ಸಂಗತಿಗಳಾಗಿವೆ.

ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರಗಳ ತೋಟಗಳಲ್ಲಿ ಬೆಳೆಯುವ 'ಬೆಂಗಳೂರು ಬ್ಲೂ' ಎಂಬ ಕಪ್ಪು ದ್ರಾಕ್ಷಿಯನ್ನು ಬಲ್ಲದವರಾರು? ಮೂಲತಃ ಇದು ನಮ್ಮ ನಾಡಿನದಲ್ಲ. ಅಮೇರಿಕದ ಕಾಡು ದ್ರಾಕ್ಷಿಗೂ ಯುರೋಪಿನ ದ್ರಾಕ್ಷಿಗೂ ಬೆರಕೆಯಾಗಿ ಹುಟ್ಟಿದ 'ಇಸಾಬೆಲ್ಲಾ' ಎಂಬ ತಳಿಯೇ ಇದು. 1816ರ ಸುಮಾರಿಗೆ ನ್ಯೂಯಾರ್ಕಿನ ಬಳಿಯ ಸಸಿತೋಟವೊಂದರಿಂದ ಇದು ಪ್ರಚಾರಕ್ಕೆ ಬಂದಿತು. ಫ್ರಾನ್ಸ್ ದೇಶವು 1934ರಲ್ಲಿ ಕಾಯಿದೆ ಮಾಡಿ ದ್ರಾಕ್ಷಾರಸದ ತಯಾರಿಕೆಗೆ ನಿಷೇಧಿಸಿದ ತಳಿಗಳಲ್ಲಿ ಇಸಾಬೆಲ್ಲಾ ಕೂಡ ಒಂದು. ಅಲ್ಲಿ ಬಹಿಷ್ಕೃತವಾದ ಬಳ್ಳಿಗೆ ಇಲ್ಲಿ ಮನೆ ದೊರೆಯಿತು. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಬಿದ್ದಿತು. ಹುಟ್ಟಿದ ದೇಶ ಯಾವುದೇ ಇರಲಿ, ಯಾರ ಬೆವರಿನಿಂದ ಬೆಳೆದಿತೋ ಅವರ ಹಣ್ಣೇ ಅದು. ಸ್ವದೇಶಿಯ ಅರ್ಥವನ್ನು ನಾವು ಇಷ್ಟು ವಿಶಾಲವಾಗಿ ಎಣಿಸುತ್ತೇವೆ.

ಈ ಸಾಕಣೆಯಲ್ಲಿ ನಮ್ಮ ರೈತನ ಬುದ್ಧಿಯು ಅಡಗಿದೆ. ಚಳಿನಾಡಿನಲ್ಲಿ ದ್ರಾಕ್ಷಿಯು ಹಿಮಕಾಲಕ್ಕೆ ಎಲೆಯುದುರಿಸಿ ಮಲಗುವದು. ವಸಂತದಲ್ಲಿ ಎಚ್ಚರಗೊಂಡು ವರ್ಷಕ್ಕೊಮ್ಮೆ ಫಲ ಕೊಡುವದು. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ಬಳ್ಳಿಯ ಋತುವನ್ನು ರೈತನ ಕತ್ತರಿಯೇ ನಿರ್ಣಯಿಸುವದು. ಚಪ್ಪರದ ಮೇಲಿನ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರಿ, ಎರಡು ಬೆಳೆಗಳನ್ನು ತೆಗೆಯುವ ಪದ್ಧತಿಯು ಈ ತಳಿಯಲ್ಲಿ ರೂಢಿಯಾಗಿದೆ. ಚಿಬ್ಬು ರೋಗವನ್ನು ತಾಳಿಕೊಳ್ಳುವ ಶಕ್ತಿಯೂ ಇದಕ್ಕಿದೆ.

ಆದರೆ ತಿನ್ನುವವರ ನಾಲಗೆ ಬದಲಾಗಿದೆ. ಬೀಜವಿಲ್ಲದ ದ್ರಾಕ್ಷಿಯ ರುಚಿ ಹತ್ತಿದವರಿಗೆ ದಪ್ಪ ಸಿಪ್ಪೆಯ, ಬೀಜವುಳ್ಳ ಈ ಹಣ್ಣು ಒಗ್ಗದು. ಇದರ ನಿಜವಾದ ಗುಣವಿರುವದು ರಸದಲ್ಲಿ: ಗಾಢವಾದ ಬಣ್ಣ, ದೂರದಿಂದಲೇ ತಿಳಿಯುವ ಪರಿಮಳ. ಗೋವೆಯ ಸಿಹಿ 'ಪೋರ್ಟ್' ಪೇಯಕ್ಕೆ ಈ ಹಣ್ಣು ಬಳಕೆಯಾಗುತ್ತ ಬಂದಿದೆ. 2007ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷಿಯ ಸಂಸ್ಕರಣೆಗೂ ದ್ರಾಕ್ಷಾರಸಕ್ಕೂ ಪ್ರತ್ಯೇಕ ನೀತಿಯನ್ನೇ ಮಾಡಿತು.

ಇಲ್ಲಿ ಪಾನದ ಪ್ರಶ್ನೆಯನ್ನು ನಾವು ಮರೆಮಾಚುವದಿಲ್ಲ. ಮಾದಕ ಪೇಯಗಳ ನಿಷೇಧಕ್ಕೆ ರಾಜ್ಯವು ಯತ್ನಿಸತಕ್ಕದ್ದೆಂದು ಸಂವಿಧಾನದ 47ನೆಯ ಅನುಚ್ಛೇದವು ಹೇಳುವದು. ರೈತನ ಹಣ್ಣು ಕೊಳೆಯಬಾರದೆಂಬುದೂ ಅಷ್ಟೇ ನ್ಯಾಯವಾದ ಮಾತು. ಈ ಇಕ್ಕಟ್ಟಿಗೆ ಅಮೇರಿಕದಲ್ಲಿಯೇ ಒಂದು ದಾರಿ ತೋರಿತ್ತು. 1869ರಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯರು, ಇಸಾಬೆಲ್ಲಾದಂತೆಯೇ ಅಮೇರಿಕದ ಮೂಲವುಳ್ಳ 'ಕಾಂಕರ್ಡ್' ದ್ರಾಕ್ಷಿಯ ರಸವನ್ನು ಕಾಯಿಸಿ, ಹುಳಿಯೇರದಂತೆ ಬಾಟಲಿಯಲ್ಲಿ ತುಂಬಿದರು. ಚರ್ಚಿನ ಪೂಜೆಗೆ ಅಮಲಿಲ್ಲದ ರಸ ಬೇಕೆಂಬ ಧರ್ಮಬುದ್ಧಿಯಿಂದ ಹುಟ್ಟಿದ ಆ ಕೆಲಸವು ದೊಡ್ಡ ಉದ್ಯಮವಾಗಿ ಬೆಳೆಯಿತು. ನಮ್ಮ ನೀತಿಯಲ್ಲಿಯೂ ಕುಡಿಯುವ ರಸಕ್ಕೆ ಮೊದಲ ಪಂಕ್ತಿ ಸಲ್ಲಬೇಕು. ತೋಟದ ಬಳಿಯಲ್ಲಿಯೇ ಹಣ್ಣನ್ನು ಹಿಂಡುವ, ಕಾಯಿಸುವ, ತುಂಬುವ ಸಹಕಾರಿ ಘಟಕಗಳಿದ್ದರೆ ದಲ್ಲಾಳಿಯ ಬಾಗಿಲಲ್ಲಿ ರೈತನು ಕೈಕಟ್ಟಿ ನಿಲ್ಲಬೇಕಾದೀತೇ?

ಹಣ್ಣಿಗಿಂತಲೂ ದೊಡ್ಡ ಗಂಡಾಂತರವು ಹೊಲಕ್ಕೆ ಬಂದಿದೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನನಿಲ್ದಾಣವು ತೆರೆದಂದಿನಿಂದ ಸುತ್ತಲಿನ ಭೂಮಿಗೆ ಚಿನ್ನದ ಬೆಲೆ ಬಂದಿತು; ಬೇಸಾಯಕ್ಕೆ ನೆಲೆ ತಪ್ಪತೊಡಗಿತು. ಅದೇ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಗಳ ಸ್ವಾಧೀನವನ್ನು ರೈತರು ಸಾವಿರಕ್ಕೂ ಮಿಕ್ಕಿದ ದಿನಗಳ ಕಾಲ ವಿರೋಧಿಸಿದರು. 2025ರ ಜುಲೈ ತಿಂಗಳಲ್ಲಿ ಸರಕಾರವು ಅದನ್ನು ಕೈಬಿಟ್ಟಿತು. 1930ರಲ್ಲಿ ಉಪ್ಪಿನ ಸತ್ಯಾಗ್ರಹವನ್ನು ನಡೆಸಿ, ಕರನಿರಾಕರಣೆಯಲ್ಲಿ ಭೂಮಿಯನ್ನೇ ಪಣಕ್ಕಿಟ್ಟ ಅಂಕೋಲೆಯ ಮಕ್ಕಳಿಗೆ ನೆಲದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ತೆಳುವಾದ ಸಿಪ್ಪೆ, ಹೇರಳವಾದ ರಸ, ಅಪೂರ್ವವಾದ ಸವಿ. ಆದರೆ ದೂರದ ಪೇಟೆಗೆ ಸಾಗಿ ತಾಳುವ ಶಕ್ತಿಯಿಲ್ಲ. ದ್ರಾಕ್ಷಿಯಂತೆ ಇದರ ಭಾಗ್ಯವೂ ರಸದಲ್ಲಿಯೇ ಇದೆ. ಬರಿಯ ಮುದ್ರೆಯಿಂದ ಹೊಟ್ಟೆ ತುಂಬದೆಂಬುದಕ್ಕೆ ಬೆಂಗಳೂರಿನ ದ್ರಾಕ್ಷಿಯೇ ಸಾಕ್ಷಿ. ಮುದ್ರೆಯ ಬೆನ್ನಿಗೆ ರಸದ ಕಾರ್ಖಾನೆ ಬೇಕು, ಬೆಳೆಗಾರರ ಸಂಘ ಬೇಕು, ಹಳೆಯ ಮರಗಳಿಂದ ಕಸಿ ಕಟ್ಟಿ ಹೊಸ ತೋಟ ಎಬ್ಬಿಸುವ ತರುಣರು ಬೇಕು.

ಪರದೇಶದ ಬಳ್ಳಿಯೊಂದನ್ನು ಘಟ್ಟದ ಮೇಲಿನವರು ತಮ್ಮದನ್ನಾಗಿ ಮಾಡಿಕೊಂಡರು. ನಮ್ಮ ಹಿತ್ತಲಲ್ಲಿಯೇ ಹುಟ್ಟಿದ ಮರವನ್ನು ನಾವು ಪರಕೀಯವಾಗಗೊಟ್ಟರೆ ಆ ಲಜ್ಜೆಯು ಯಾರಿಗೆ? ಈ ಮಳೆಗಾಲಕ್ಕೆ ಭಾವಿಕೇರಿಯ ಪ್ರತಿಯೊಂದು ಹಿತ್ತಲಲ್ಲಿಯೂ ಒಂದೊಂದು ಈಶಾಡಿನ ಕಸಿಯು ಬೇರೂರಲಿ.